ಕೆಂಚಜ್ಜಿಯ ಊರಿನಲ್ಲಿ ಕೇಳುವ ಪೀರಿಯಡ್

ಹೋದ ತಿಂಗಳು ಒಂದು ಮಣ್ಣಿಗೆ ಹೋಗಿದ್ದೆ. ಚಿತ್ರದುರ್ಗದಿಂದ ಹೊಳಲ್ಕೆರೆಗೆ ಬಂದು, ಅಲ್ಲಿ ರಾಮಗಿರಿ ಕಡೆಯ ಬಸ್ಸು ಹತ್ತುವಾಗ ಜಿಟಿಜಿಟಿ ಮಳೆ. ಮುಂದಿನ ಸೀಟಿನ ಮುದುಕರು ಹೊದ್ದಿದ್ದ ಕಂಬಳಿ ತೊಯ್ದು ತೊಪ್ಪೆಯಾಗಿತ್ತು. ತೊಯ್ದ ಕಂಬಳಿಯ ವಾಸನೆ ಎಲ್ಲರಿಗೂ ಒಗ್ಗುವಂಥದ್ದಲ್ಲ. ಪಕ್ಕದಲ್ಲಿದ್ದ ಕಾಲೇಜು ಹುಡುಗಿ ದುಪಟ್ಟಾವನ್ನು ಮೂಗಿಗೆ ಹಿಡಿದಳು. ನಾನು ಮಾತ್ರ ಆಸೆಯಿಂದ ಉಸಿರೆಳೆದುಕೊಂಡೆ. ಒಂದು ಇಡೀ ಮಳೆಗಾಲ ಆ ವಾಸನೆಯ ನಡುವೆ ಪಾಠ ಮಾಡಿದವಳು ನಾನು. ಕುರಿ ಸಾಕುವವರ ಮನೆಯ ಮಕ್ಕಳು ಕಂಬಳಿಕೊಪ್ಪೆ ಹಾಕಿಕೊಂಡು ಬಂದು, ಅದನ್ನು ಕ್ಲಾಸಿನ ಕಿಟಕಿಗೆ ನೇತುಹಾಕಿ, ನೀರು ತೊಟ್ಟಿಕ್ಕುವ ಸದ್ದಿನಲ್ಲೇ ಪಾಠ ಕೇಳುತ್ತಿದ್ದರು.

ಸತ್ತವಳು ಕೆಂಚಜ್ಜಿ, ನನ್ನ ಹಳೆಯ ವಿದ್ಯಾರ್ಥಿನಿ ರೇಣುಕಾಳ ಅಜ್ಜಿ. ಫೋನ್ ಮಾಡಿದ್ದು ರೇಣುಕಾಳೇ. "ಮಿಸ್, ಅಜ್ಜಿ ತೀರ್ಕಂಡ್ಳು" ಎಂದಷ್ಟೇ ಹೇಳಿ ಇಟ್ಟುಬಿಟ್ಟಳು. ಆ ಊರಿನಲ್ಲಿ ಯಾರೇ ಸಾಯಲಿ, ಮೊದಲು ದನಿ ಎತ್ತಿ ಹಾಡಿಕೊಂಡು ಅಳುತ್ತಿದ್ದವಳು ಕೆಂಚಜ್ಜಿ. ಈಗ ಅವಳಿಗೆ ಯಾರು ಅಳುತ್ತಾರೆ? ಬಸ್ಸಿನುದ್ದಕ್ಕೂ ನನ್ನ ತಲೆಯಲ್ಲಿದ್ದದ್ದು ಇದೊಂದೇ. ಹೊರಗಿನವಳಾದ ನನಗೆ ಯಾಕೆ ಇಷ್ಟು ಉಸಾಬರಿ ಎಂದು ಯಾರಾದರೂ ಕೇಳಿದರೆ ಆ ವರ್ಷದ ಕಥೆಯನ್ನೇ ಹೇಳಬೇಕಾಗುತ್ತದೆ.

ಆರೇಳು ವರ್ಷದ ಹಿಂದಿನ ಮಾತು. ಸಂಗೀತದಲ್ಲಿ ವಿದ್ವತ್ ಪಾಸು ಮಾಡಿದ್ದೆ, ಆ ಸೊಕ್ಕೂ ಸ್ವಲ್ಪ ಇತ್ತು. ಕೆಲಸ ಮಾತ್ರ ಇರಲಿಲ್ಲ. ರಾಮಗಿರಿ ಗುಡ್ಡದ ಮಗ್ಗುಲಿನ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ಒಂದು ವರ್ಷದ ಮಟ್ಟಿಗೆ ಅತಿಥಿ ಶಿಕ್ಷಕಿ ಬೇಕಾಗಿದ್ದಾರೆ ಎಂದು ತಿಳಿದು ಹೋದೆ. ಹೆಡ್ ಮಾಸ್ಟರು ತಿಪ್ಪೇಸ್ವಾಮಿ ಸರ್ ಒಳ್ಳೆಯವರು, ಆದರೆ ಗಣಿತದ ಮೇಷ್ಟ್ರು. ನನ್ನ ಸರ್ಟಿಫಿಕೇಟು ನೋಡಿದವರೇ ಕೈ ಮುಗಿದರು. "ಮೇಡಂ, ನಿಮಗೊಂದು ದೊಡ್ಡ ನಮಸ್ಕಾರ. ಮಕ್ಕಳ ಕೈಲಿ ಹಾಡ್ಸಬ್ಯಾಡ್ರಿ. ಗೋಡೆ ತೆಳ್ಳಗೈತೆ, ಆ ಕಡೆ ಹತ್ತನೇ ಕ್ಲಾಸು. ಹಾಡು ಬರೀ ಕೇಳ್ಸ್ರಿ ಸಾಕು. ಕೇಳೋಕೆ ಕಲಿತ್ರೆ ನನ್ ಪಾಠನಾದ್ರೂ ಕೇಳ್ತಾವೆ." ಹೀಗೆ ನನಗೆ ದಕ್ಕಿದ್ದು ಶನಿವಾರದ ಕೊನೆಯ ಪೀರಿಯಡ್ಡು. ಟೈಮ್ ಟೇಬಲ್ಲಿನಲ್ಲಿ 'ಸಂಗೀತ' ಎಂದಿದ್ದರೂ ಮಕ್ಕಳು ಅದಕ್ಕೆ ಇಟ್ಟ ಹೆಸರು ಕೇಳೋ ಪೀರಿಯಡ್.

ನನ್ನ ಬಳಿ ಇದ್ದದ್ದು ಒಂದು ಮೊಬೈಲು, ಅಂಗೈಯಷ್ಟು ಅಗಲದ ಒಂದು ಸ್ಪೀಕರು. ಮೊದಲ ಶನಿವಾರ ಒಂಬತ್ತನೇ ಕ್ಲಾಸಿಗೆ ವೀಣೆ ಹಾಕಿದೆ. ಅರ್ಧಕ್ಕೇ ಹಿಂದಿನ ಬೆಂಚಿನಿಂದ ಸಿದ್ದೇಶ ಎದ್ದು ನಿಂತ. "ಮಿಸ್, ಹಾಡೋರು ಯಾವಾಗ ಬರ್ತಾರೆ?" ಇನ್ನೊಬ್ಬಳು ಡಿಜೆ ಹಾಕ್ರಿ ಎಂದಳು. ನನಗೆ ಮೂಗಿನ ತುದಿಯಲ್ಲೇ ಕೋಪ, ಆದರೆ ನಗುವೂ ಅಷ್ಟೇ ಬೇಗ ಬರುತ್ತದೆ. ರಾಗ, ತಾಳ ಎಂದು ಬಾಯಿಪಾಠ ಮಾಡಿಸಿದರೆ ಇವರು ಶನಿವಾರ ಶಾಲೆಗೇ ಬರುವುದಿಲ್ಲ ಎಂಬುದು ಅಂದೇ ಗೊತ್ತಾಯಿತು. ಒಂದು ಆಟ ಹೂಡಿದೆ. ಯಾವುದೇ ಹಾಡಾಗಲಿ, ಸುತ್ತಾಡಿ ಸುತ್ತಾಡಿ ಕೊನೆಗೆ ಒಂದು ಸ್ವರಕ್ಕೆ ಬಂದು ನಿಲ್ಲುತ್ತದಲ್ಲ, ಅದು ಹಾಡಿನ ಮನೆ. ಹಾಡು ಮನೆಗೆ ಬಂದ ಕೂಡಲೇ ಕೈ ಎತ್ತಬೇಕು.

ಒಂದು ತಿಂಗಳಲ್ಲಿ ಅವರ ಕಿವಿ ನೆಟ್ಟಗಾಯಿತು. "ಕುಂತ್ಕಂತು ಮಿಸ್!" ಎಂದು ಇಡೀ ಕ್ಲಾಸು ಒಟ್ಟಿಗೆ ಕೂಗುತ್ತಿತ್ತು. ಹಾಡು ಮನೆ ಸೇರುವುದಕ್ಕೆ ಅವರ ಮಾತು ಅದು, ಕುಂತ್ಕಳೋದು. ಮುಕ್ತಾಯಕ್ಕೆ ಮುಂಚೆ ನಾನು ಬೇಕೆಂದೇ ನಿಲ್ಲಿಸಿದರೆ ಸಿದ್ದೇಶ ಬೇಸರದಿಂದ, "ಇನ್ನೂ ಕುಂತಿಲ್ಲ ಮಿಸ್, ಬಾಗ್ಲಾಗೇ ನಿಂತೈತೆ, ಪಾಪ ಒಳಕ್ಕೆ ಬಿಡ್ರಿ" ಎನ್ನುತ್ತಿದ್ದ. ರಾಮಗಿರಿ ಸ್ಟೇಷನ್ನಿನ ಕಡೆಯಿಂದ ಗೂಡ್ಸ್ ರೈಲು ಕೂಗಿದರೂ ಅದು ಕುಂತಿತೋ ಇಲ್ಲವೋ ಎಂದು ಜಗಳ. ಮೆಕ್ಕೆಜೋಳದ ಹೊಲಗಳು ಆಳೆತ್ತರ ಬೆಳೆದು ನಿಂತ ಆ ದಿನಗಳಲ್ಲಿ ನನ್ನಷ್ಟು ಖುಷಿಯಾಗಿದ್ದ ಶಿಕ್ಷಕಿ ಇಡೀ ತಾಲ್ಲೂಕಿನಲ್ಲಿ ಇನ್ನೊಬ್ಬಳಿರಲಿಲ್ಲ.

ಕೆಂಚಜ್ಜಿಯನ್ನು ನಾನು ಮೊದಲು ನೋಡಿದ್ದು ಅಂಥದೇ ಒಂದು ಶನಿವಾರ. ಮೊಮ್ಮಗಳನ್ನು ಕರೆದುಕೊಂಡು ಹೋಗಲು ಬಂದವಳು ಶಾಲೆಯ ಜಗಲಿಯಲ್ಲಿ ಕೂತು ಎಲೆಅಡಿಕೆ ಹಾಕುತ್ತಿದ್ದಳು. ನಾನು ಒಳಗೆ ಮುಖಾರಿ ರಾಗದ ಆಲಾಪನೆ ಹಾಕಿದ್ದೆ. ಗಾಯಕರು ನಿಧಾನವಾಗಿ ಎಳೆದೆಳೆದು ಹಾಡುತ್ತಿದ್ದರು, ಮಕ್ಕಳು ಕಣ್ಣುಮುಚ್ಚಿ ಕೂತಿದ್ದವು. ಅಜ್ಜಿ ಎದ್ದು ಬಾಗಿಲಿಗೆ ಬಂದಳು. ಬಾಯಲ್ಲಿದ್ದದ್ದನ್ನು ಉಗಿದು, ಸೆರಗು ಸರಿಮಾಡಿಕೊಂಡು, ಬಹಳ ಮೆಲ್ಲಗೆ ಕೇಳಿದಳು.

"ಯಾರ್ ಹೋದ್ರವ್ವಾ? ಎಷ್ಟೊತ್ತಾತು?"

ಕ್ಲಾಸು ಬಿದ್ದು ಬಿದ್ದು ನಕ್ಕಿತು. ಯಾರೂ ಹೋಗಿಲ್ಲ ಅಜ್ಜಿ, ಇದು ಹಾಡು ಎಂದೆ. ಅಜ್ಜಿಗೆ ನಂಬಿಕೆ ಬರಲಿಲ್ಲ. "ಯಾರೂ ಸತ್ತಿಲ್ಲ ಅಂದ್ರೆ ಮತ್ಯಾಕೆ ಇವನು ಇಷ್ಟು ಅಳ್ತಾನೆ?" ಎಂದವಳು ಮತ್ತೆ ಜಗಲಿಗೆ ಹೋಗಿ ಕೂತಳು. ನಗದೇ ಇದ್ದವಳು ರೇಣುಕಾ ಒಬ್ಬಳೇ. ತೆಳ್ಳಗಿನ, ಮಾತು ಕಡಿಮೆಯ ಹುಡುಗಿ. ಕಿಟಕಿಯ ಪಕ್ಕ ಕೂರುತ್ತಿದ್ದಳು. ಎಲ್ಲರೂ ಹೋದ ಮೇಲೆ ನನ್ನ ಮೇಜಿನ ಬಳಿ ಬಂದು, "ಮಿಸ್, ಕುಂತ್ಕಳದೇ ಇರೋ ಹಾಡು ಒಂದೈತೆ" ಎಂದಳು. ಯಾವುದೇ ಅದು, ಹಾಡು ನೋಡೋಣ ಎಂದೆ. "ಹಾಡಂಗಿಲ್ಲ ಮಿಸ್" ಎಂದು ಜಗಲಿಯ ಕಡೆ ನೋಡಿದಳು.

ನಮ್ಮ ಕಡೆಯ ಹಳ್ಳಿಗಳಲ್ಲಿ ಸಾವಿನ ಮನೆಯಲ್ಲಿ ಹೆಂಗಸರು ಸುಮ್ಮನೆ ಅಳುವುದಿಲ್ಲ, ಹಾಡಿಕೊಂಡು ಅಳುತ್ತಾರೆ. ಸತ್ತವರು ಏನು ಉಣ್ಣುತ್ತಿದ್ದರು, ಯಾರ ಮದುವೆಗೆ ಓಡಾಡಿದರು, ಯಾರ ಮೇಲೆ ಮುನಿಸಿಕೊಂಡರು ಎಲ್ಲವೂ ಅದರಲ್ಲಿ ಬರಬೇಕು. ಒಬ್ಬಳು ಎತ್ತಿಕೊಂಡರೆ ಉಳಿದವರಿಗೆ ಅಳು ತಾನಾಗಿ ಬರುತ್ತದೆ. ಆ ಊರಿನಲ್ಲಿ ಎತ್ತಿಕೊಳ್ಳುವವಳು ಕೆಂಚಜ್ಜಿ. ಅವಳ ಮಗ್ಗುಲಲ್ಲಿ ಕೂತು ಕೂತು ರೇಣುಕಾಳಿಗೂ ಅದು ಬಂದಿತ್ತು. ಆದರೆ ಸಾವಿಲ್ಲದ ಮನೆಯಲ್ಲಿ ಅದನ್ನು ಬಾಯಲ್ಲಿ ಅನ್ನಬಾರದು. ಅಂದರೆ ಸಾವನ್ನು ಕರೆದಂತೆ ಎಂದು ಅವರ ನಂಬಿಕೆ. ನಾನು ಬಲವಂತ ಮಾಡಲಿಲ್ಲ. ಆದರೂ ಆಸೆ ಇತ್ತು, ಸುಳ್ಳು ಯಾಕೆ ಹೇಳಲಿ.

ಶ್ರಾವಣ ಮುಗಿಯುವ ಹೊತ್ತಿಗೆ ಶಾಲೆಯ ಅಂಗಳದ ದೊಡ್ಡ ಬೇವಿನ ಮರ ಕಡಿದರು. ಹೊಸ ಕೊಠಡಿ ಮಂಜೂರಾಗಿತ್ತು, ಬೇರೆ ಜಾಗವಿರಲಿಲ್ಲ. ಮಕ್ಕಳು ಬಿಸಿಯೂಟಕ್ಕೆ ಕೂರುತ್ತಿದ್ದದ್ದು ಆ ಮರದ ಕೆಳಗೇ. ಶುಕ್ರವಾರ ಗರಗಸದ ಸದ್ದಿನಲ್ಲಿ ಯಾವ ಪಾಠವೂ ನಡೆಯಲಿಲ್ಲ, ಶನಿವಾರ ಬಂದು ನೋಡಿದರೆ ಅಂಗಳ ಬೋಳು ಬೋಳು. ಸಿದ್ದೇಶನಂಥ ಸಿದ್ದೇಶನೂ ಬುಡದ ಮೇಲೆ ಕೂತು ಬಿದ್ದ ಎಲೆಗಳನ್ನು ಚಿವುಟುತ್ತಿದ್ದ. ಆಟವಾಡುವ ಮನಸ್ಸು ಯಾರಿಗೂ ಇರಲಿಲ್ಲ. ಆಗ ರೇಣುಕಾ ಎದ್ದು ಬಂದಳು.

"ಮಿಸ್, ಹೊರಗೆ ಹೋಗಾಣ. ಸೂರಿನ ಕೆಳಗೆ ಬ್ಯಾಡ. ಇಲ್ಲಿ ಸತ್ತಿರಾದು ಐತಲ್ಲ, ಹಾಡಬೌದು."

ಅಜ್ಜಿಯನ್ನು ಕೇಳಿದ್ದೀಯಾ ಎಂದೆ. ಕೇಳಿದ್ದಳಂತೆ. "ಮರಾನೂ ಜೀವನೇ ಅಂದ್ಳು" ಎಂದಳು. ಅಜ್ಜಿಯೇ ಹೂಂ ಎಂದ ಮೇಲೆ ನನ್ನದೇನು? ಎಲ್ಲರನ್ನೂ ಅಂಗಳಕ್ಕೆ ಕರೆದುಕೊಂಡು ಹೋದೆ. ಮಳೆ ಬಿಟ್ಟು ಬಿಸಿಲು ಬಿದ್ದಿತ್ತು, ಬೇವಿನ ಹಸಿ ತೊಗಟೆಯ ಕಹಿ ವಾಸನೆ. ರೇಣುಕಾ ಬುಡದ ಪಕ್ಕ ಕುಕ್ಕರುಗಾಲಲ್ಲಿ ಕೂತು, ಒಂದು ಕೈಯನ್ನು ಅದರ ಮೇಲಿಟ್ಟಳು. ಆಮೇಲೆ ಆ ತೆಳ್ಳನೆಯ ಹುಡುಗಿಯೊಳಗಿಂದ ನಾನು ಎಂದೂ ಕೇಳಿರದ ಒಂದು ದನಿ ಬಂತು.

"ಬಿಸಿಲ್ಗೆ ನೆರಳಾದವ್ನೇ ನನ್ನಪ್ಪಾ,
ತಟ್ಟೆ ಹಿಡ್ಕಂಡು ಬಂದೋರ್ಗೆ ಮರೆಯಾದವ್ನೇ,
ಯಾರ್ಗೂ ಎದ್ದೋಗು ಅಂದವ್ನಲ್ಲ ನನ್ನಪ್ಪಾ,
ನಾಳೆ ನಾವೆಲ್ಲಿ ಕುಂತ್ಕಳಾನೋ ಹೇಳ್ದಂಗೆ ಹೋದ್ಯಲ್ಲೋ..."

ಅದು ನಿಜಕ್ಕೂ ಮನೆ ಸೇರದ ಹಾಡು. ಕೆಳಗಿಳಿದು ಇನ್ನೇನು ನಿಂತಿತು ಎನ್ನುವಾಗ ಉಸಿರು ಎಳೆದುಕೊಂಡು ಮತ್ತೆ ಮೇಲಕ್ಕೆ ಹೋಗುತ್ತಿತ್ತು. ಯಾವ ಹುಡುಗನೂ ಕೈ ಎತ್ತಲಿಲ್ಲ. ಹುಡುಗಿಯರು ಮುಸುಮುಸು ಅಳತೊಡಗಿದರು. ಗೋಡೆಯಾಚೆಯ ಗಣಿತ ನಿಂತುಹೋಗಿತ್ತು; ತಿಪ್ಪೇಸ್ವಾಮಿ ಸರ್ ಸೀಮೆಸುಣ್ಣ ಹಿಡಿದುಕೊಂಡೇ ಬಾಗಿಲಲ್ಲಿ ನಿಂತಿದ್ದರು. ನಾನೂ ಅತ್ತೆ. ಹತ್ತು ಹನ್ನೆರಡು ವರ್ಷ ಸಂಗೀತ ಕಲಿತ ನನಗೆ ಯಾವ ಕಛೇರಿಯಲ್ಲೂ ಹಾಗೆ ಆಗಿರಲಿಲ್ಲ. ಆ ದಿನ ಬಸ್ಸಿನಲ್ಲಿ ಚಿತ್ರದುರ್ಗಕ್ಕೆ ಮರಳುವಾಗ ಕಲಿಸುವುದೆಂದರೆ ಇದು ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡಿದ್ದೆ.

ಅದಾಗಿ ಒಂದು ವಾರವೂ ಕಳೆದಿರಲಿಲ್ಲ. ರೇಣುಕಾಳ ಚಿಕ್ಕಪ್ಪ ಮೈಲಾರಪ್ಪ ಕುರಿ ಹೊಡೆದುಕೊಂಡು ಭದ್ರಾ ಚಾನಲ್ಲಿನ ಕಡೆ ಹೋಗಿದ್ದವನು, ಗದ್ದೆಯ ಬದುವಿನಲ್ಲಿ ಹಾವು ಕಚ್ಚಿ ಸತ್ತ. ಇನ್ನೂ ಮೂವತ್ತು ದಾಟದ ಆಳು. ಅವನ ಹೆಂಡತಿ ಹಾಲಮ್ಮ ಎಳೆಗೂಸಿನ ಬಾಣಂತಿ. ಸುದ್ದಿ ತಿಳಿದು ನಾವೆಲ್ಲ ಶಾಲೆಯಿಂದ ಹೋದೆವು. ಹೆಣ ಬಂದು ಇಳಿದಾಗ ಕೆಂಚಜ್ಜಿ ಮಗನ ತಲೆ ಹಿಡಿದು ಅಳುವ ಹಾಡು ಎತ್ತಿಕೊಂಡಳು. ಪಕ್ಕದಲ್ಲಿ ರೇಣುಕಾ ಎಂದಿನಂತೆ ಅಜ್ಜಿಯ ದನಿಗೆ ದನಿ ಸೇರಿಸಹೋದಳು. ಹಾಲಮ್ಮ ಕೂಸನ್ನು ಬೇರೆಯವರ ಕೈಗೆ ಕೊಟ್ಟು ಎದ್ದು ಬಂದು ಅವಳ ಬಾಯಿಯ ಮೇಲೆ ಕೈ ಇಟ್ಟಳು.

"ಕರ್ದಿದ್ದು ಸಾಲ್ದಾ? ಇನ್ನೂ ಯಾರ್ನ ಕರೀತೀಯೇ?"

ಹೊಡೆಯಲಿಲ್ಲ, ಬೈಯಲಿಲ್ಲ. ಅಷ್ಟೇ ಹೇಳಿದ್ದು. ಊರಿನ ಹೆಂಗಸರೆಲ್ಲ ಕೇಳಿಸಿಕೊಂಡರು. ಶಾಲೆಯಲ್ಲಿ ಅವಳು ಅಳುವ ಹಾಡು ಹೇಳಿದ್ದು ಆ ಹೊತ್ತಿಗೆ ಎಲ್ಲರಿಗೂ ಗೊತ್ತಾಗಿತ್ತು. ಮಕ್ಕಳು ಮನೆಮನೆಯಲ್ಲಿ ಹೆಮ್ಮೆಯಿಂದ ಹೇಳಿಕೊಂಡಿದ್ದರು. ಅಂದಿನಿಂದ ಯಾವ ಸಾವಿನ ಮನೆಯಲ್ಲೂ ರೇಣುಕಾಳಿಗೆ ಅಜ್ಜಿಯ ಪಕ್ಕ ಜಾಗವಿಲ್ಲವಾಯಿತು. ವಿಚಿತ್ರವೆಂದರೆ ನನ್ನನ್ನು ಯಾರೂ ಏನೂ ಅನ್ನಲಿಲ್ಲ. ದುರ್ಗದ ಮಿಸ್ಸು, ಅವರಿಗೇನು ಗೊತ್ತು ಎಂದು ಬಿಟ್ಟುಬಿಟ್ಟರು. ಎದುರಿಗೆ ಸಿಕ್ಕಾಗ ಮೊದಲಿನಂತೆಯೇ "ಊಟ ಆತಾ ಮಿಸ್?" ಎಂದು ಕೇಳುತ್ತಿದ್ದರು. ನನಗೆ ಅದು ಇನ್ನೂ ಕಷ್ಟವಾಗುತ್ತಿತ್ತು.

ಒಂದು ದಿನ ಕೆಂಚಜ್ಜಿ ಶಾಲೆಗೆ ಬಂದಳು. ಮಗ ಹೋದ ಮೇಲೆ ಬಹಳ ಇಳಿದುಹೋಗಿದ್ದಳು. ಜಗಲಿಯಲ್ಲಿ ಕೂತು, ನನ್ನನ್ನೂ ಕೂರಿಸಿಕೊಂಡಳು.

"ಕುಂತ್ಕಳ್ರಿ ಮಿಸ್ಸವ್ವಾ. ಊರಾಗಿನ ಎಲ್ಲಾರ್ಗೂ ನಾನು ಅತ್ತಿದೀನಿ. ನಮ್ಮತ್ತೆಗೆ ಅತ್ತೆ, ಗಂಡಂಗೆ ಅತ್ತೆ, ಈಗ ಮಗಂಗೂ ಅತ್ತೆ. ನನಗೆ ಅಳೋಕೆ ಅಂತ ಈ ಹುಡುಗೀನ ತಯಾರು ಮಾಡಿದ್ದೆ. ಇವಳ ಬಾಯಿ ಕಟ್ಟಿದ್ರು. ಇನ್ಯಾರು ಅಳಾರು ನನಗೆ?"

ಮರಕ್ಕೆ ಅಳು ಎಂದವಳು ನೀನೇ ಅಲ್ಲವಾ ಅಜ್ಜಿ, ಅದನ್ನು ಸೊಸೆಗೆ ಹೇಳಬಾರದಾ ಎಂದೆ. "ಹೇಳ್ದೆ. ಗಂಡ ಸತ್ತೋಳ್ಗೆ ಯಾರ್ದಾದ್ರೂ ತಪ್ಪು ಬೇಕಲ್ಲವ್ವಾ" ಎಂದಳು. ನೀವೊಂದು ಮಾತು ಹೇಳಿ ನೋಡ್ರಿ, ಓದಿದೋರು ಎಂದು ಬೇಡಿಕೊಂಡಳು.

ನಾನು ಹಾಲಮ್ಮನ ಬಳಿ ಹೋದೆ. ಅವಳು ಕೂಸಿಗೆ ಎಣ್ಣೆ ಹಚ್ಚುತ್ತಿದ್ದಳು. ಹಾಡಿಗೂ ಹಾವಿಗೂ ಸಂಬಂಧವಿಲ್ಲವೆಂದು, ಆ ಹುಡುಗಿಯ ದನಿ ಎಷ್ಟು ದೊಡ್ಡದೆಂದು, ನನಗೆ ತಿಳಿದಂತೆ ಹೇಳಿದೆ. ಪೂರ್ತಿ ಕೇಳಿಸಿಕೊಂಡು ಅವಳು ಕೇಳಿದ್ದು ಒಂದೇ ಮಾತು. "ನಿಮ್ ಮನೇಲಿ ಯಾರಾದ್ರೂ ಸತ್ರೆ ನೀವೇನು ಹಾಡ್ತೀರಿ ಮಿಸ್?" ಏನೂ ಹಾಡುವುದಿಲ್ಲ ಎಂದೆ. "ಹಂಗಾದ್ರೆ ಬಿಡ್ರಿ" ಎಂದು ಕೂಸನ್ನು ಮಗ್ಗುಲಾಗಿಸಿ ಬೆನ್ನಿಗೆ ಎಣ್ಣೆ ಹಚ್ಚತೊಡಗಿದಳು. ಚಹಾ ಕುಡಿದು ಹೋಗ್ರಿ ಎಂದು ಉಪಚಾರ ಮಾತ್ರ ಮಾಡಿದಳು. ನಾನು ಚಹಾ ಕುಡಿದು ಬಂದೆ.

ರೇಣುಕಾ ಶಾಲೆಗೆ ಬರುವುದು ಬಿಡಲಿಲ್ಲ. ಶನಿವಾರವೂ ಬಂದು ಕಿಟಕಿಯ ಪಕ್ಕ ಕೂರುತ್ತಿದ್ದಳು. ಆದರೆ ಹಾಡು ನಿಂತಾಗ ಎಲ್ಲರೂ "ಕುಂತ್ಕಂತು" ಎಂದು ಕೂಗಿದರೆ ಅವಳು ಬಾಯಿ ಬಿಡುತ್ತಿರಲಿಲ್ಲ. ಆಟದ ಬಿಸಿಯೂ ಆರಿತು. ದೀಪಾವಳಿ ಕಳೆದು, ರಸ್ತೆಯುದ್ದಕ್ಕೂ ಮೆಕ್ಕೆಜೋಳ ಒಣಹಾಕುವ ಹೊತ್ತಿಗೆ, ಪರೀಕ್ಷೆಯ ನೆಪದಲ್ಲಿ ತಿಪ್ಪೇಸ್ವಾಮಿ ಸರ್ ನನ್ನ ಪೀರಿಯಡ್ಡನ್ನು ಗಣಿತಕ್ಕೆ ಕೇಳಿದರು. "ತಪ್ಪು ತಿಳ್ಕಬ್ಯಾಡ್ರಿ ಮೇಡಂ" ಎಂದರು. ನಾನು ತಕರಾರು ಮಾಡಲಿಲ್ಲ. ವರ್ಷ ಮುಗಿದ ಮೇಲೆ ಅವರೂ ಮತ್ತೆ ಕರೆಯಲಿಲ್ಲ, ನಾನೂ ಕೇಳಲಿಲ್ಲ. ದುರ್ಗದಲ್ಲಿ ಮನೆಯಲ್ಲೇ ಪಾಠ ಹೇಳಿಕೊಂಡು ಇದ್ದೇನೆ. ರೇಣುಕಾ ಪಿಯುಸಿ ಮುಗಿಸಿ ಹೊಳಲ್ಕೆರೆಯ ಬಟ್ಟೆ ಅಂಗಡಿಯೊಂದಕ್ಕೆ ಸೇರಿದಳು. ಹಬ್ಬಕ್ಕೊಮ್ಮೆ ಫೋನ್ ಮಾಡುವಳು, ಅಜ್ಜಿಯ ಮಂಡಿನೋವಿನಿಂದ ಹಿಡಿದು ಹೊಸ ಸೀರೆಗಳವರೆಗೆ ಮಾತಾಡುವಳು. ಹಾಡಿನ ಸುದ್ದಿಯನ್ನು ನಾವಿಬ್ಬರೂ ಎತ್ತುತ್ತಿರಲಿಲ್ಲ.

ಬಸ್ಸಿಳಿದು ಕೆಂಚಜ್ಜಿಯ ಮನೆಗೆ ಹೋದಾಗ ಮಳೆ ನಿಂತಿತ್ತು. ಅಜ್ಜಿಯನ್ನು ಗೋಡೆಗೆ ಒರಗಿಸಿ ಕೂರಿಸಿ, ಹೂ ಹಾಕಿ, ಹಣೆಗೆ ಅರಿಶಿನದ ಭಂಡಾರ ಹಚ್ಚಿದ್ದರು. ಬಾಡಿಗೆಗೆ ತಂದ ಸ್ಪೀಕರು ಬಾಗಿಲಲ್ಲಿ ಭಜನೆ ಹಾಡುತ್ತಿತ್ತು. ಈಗ ಎಲ್ಲ ಊರುಗಳಲ್ಲೂ ಹೀಗೆಯೇ. ಹೆಂಗಸರು ಸುತ್ತ ಕೂತಿದ್ದರು. ಯಾರಿಗೂ ಎತ್ತಿಕೊಳ್ಳಲು ಬಾರದು, ಎತ್ತಿಕೊಳ್ಳುತ್ತಿದ್ದವಳೇ ಸತ್ತು ಕೂತಿದ್ದಳು. ರೇಣುಕಾ ಅಜ್ಜಿಯ ಕಾಲ ಬಳಿ ಇದ್ದಳು. ಎಷ್ಟೋ ಹೊತ್ತಿನ ಮೇಲೆ ಒಳಗಿನಿಂದ ಹಾಲಮ್ಮ ಬಂದಳು. ತಲೆಗೂದಲು ಅಲ್ಲಲ್ಲಿ ಬೆಳ್ಳಗಾಗಿತ್ತು.

"ಅದನ್ನ ಬಂದ್ ಮಾಡ್ರಿ" ಎಂದಳು, ಸ್ಪೀಕರಿನ ಕಡೆ ತೋರಿಸಿ. ಭಜನೆ ನಿಂತಿತು. ಹಾಲಮ್ಮ ರೇಣುಕಾಳ ಹೆಗಲ ಮೇಲೆ ಕೈಯಿಟ್ಟು ಕೂತಳು. "ಎತ್ಕಳೇ. ನಿಮ್ಮಜ್ಜಿ ಎಷ್ಟೊತ್ತು ಕಾಯ್ಬೇಕು? ನಾನು ಅವತ್ತು ಸಂಕಟದಾಗೆ ಏನೋ ಅಂದೆ ಕಣವ್ವಾ. ಎತ್ಕಳೇ ತಾಯಿ."

ಹೆಂಗಸರೆಲ್ಲ ಸೆರಗು ಬಾಯಿಗೆ ಹಿಡಿದು ಕಾದರು. ನಾನು ಹೊಸಿಲ ಬಳಿ ನಿಂತಿದ್ದೆ. ರೇಣುಕಾ ಅಜ್ಜಿಯ ಪಾದ ಹಿಡಿದುಕೊಂಡು "ಅಜ್ಜೀ" ಎಂದಳು. ಇನ್ನೊಮ್ಮೆ "ಅಜ್ಜೀ" ಎಂದಳು. ಬಾಯಿ ತೆರೆದೇ ಇತ್ತು, ಕಣ್ಣೀರು ಸುರಿಯುತ್ತಿತ್ತು, ಮುಂದಿನ ಮಾತು ಬರಲಿಲ್ಲ. ಹಾಲಮ್ಮ ತಾನೇ ಏನೋ ಒಂದು ಸಾಲು ಎತ್ತಿಕೊಳ್ಳಲು ಹೋಗಿ, ಬಾರದೆ, ಬರಿದೇ ಅತ್ತಳು. ಹೊತ್ತಾಯಿತೆಂದು ಗಂಡಸರು ಎದ್ದರು. ಅಜ್ಜಿಯನ್ನು ಹಾಗೆಯೇ ಎತ್ತಿಕೊಂಡು ಹೋದರು.

ಮಣ್ಣು ಮುಗಿಸಿಕೊಂಡು ಬಂದವರು ಕೈಕಾಲು ತೊಳೆಯುತ್ತಿದ್ದಾಗ ರೇಣುಕಾ ಹಿತ್ತಲಿನ ಕಲ್ಲಿನ ಮೇಲೆ ಕೂತಿದ್ದಳು. ನಾನು ಹೋಗಿ ಪಕ್ಕದಲ್ಲಿ ಕೂತೆ. ಅಭ್ಯಾಸ ತಪ್ಪಿಹೋಗಿತ್ತು, ಬೇಜಾರು ಮಾಡಿಕೊಳ್ಳಬೇಡ ಎಂದೆ.

"ಅಭ್ಯಾಸ ಅಲ್ಲ ಮಿಸ್. ಅಷ್ಟೂ ಮನಸ್ನಾಗೆ ಐತೆ. ಬಾಯಿ ತೆಗ್ದ್ರೆ ಚಿಕ್ಕಪ್ಪನ ಮುಖ ಬರ್ತೈತೆ." ಕಣ್ಣೊರೆಸಿಕೊಂಡು ಕೇಳಿದಳು. "ಮಿಸ್, ನಾನೇ ಕರೆದ್ನಾ ಚಿಕ್ಕಪ್ಪನ್ನ?"

ಊರು ಅವಳ ಬಾಯಿ ಕಟ್ಟಿತೆಂದೇ ನಾನು ಇಷ್ಟು ವರ್ಷ ತಿಳಿದಿದ್ದೆ. ಹಾಡಿಗೂ ಹಾವಿಗೂ ಸಂಬಂಧವಿಲ್ಲವೆಂದು ಹಾಲಮ್ಮನಿಗೆ ಹೇಳಿದ್ದೆ, ಕೆಂಚಜ್ಜಿಯ ಹತ್ತಿರ ಮಾತಾಡಿದ್ದೆ. ಸಾವನ್ನು ಕರೆದದ್ದು ತಾನೇ ಎಂದು ಕಿಟಕಿಯ ಪಕ್ಕ ಕೂರುತ್ತಿದ್ದ ಹುಡುಗಿಯೂ ನಂಬಿರಬಹುದೆಂದು ನನಗೆ ಹೊಳೆದೇ ಇರಲಿಲ್ಲ.

"ಇಲ್ಲಮ್ಮ" ಎಂದೆ. "ಇಲ್ಲ. ಹಾವು ಕಚ್ಚಿತು. ನಿನ್ನ ಹಾಡಿಗೂ ಅದಕ್ಕೂ ಏನೇನೂ ಸಂಬಂಧವಿಲ್ಲ."

ಅವಳು ನನ್ನ ಮುಖವನ್ನೇ ನೋಡಿದಳು. ಕೋಪವೇನೂ ಇರಲಿಲ್ಲ.

"ಇದನ್ನ ಅವಾಗ್ಲೇ ನಂಗೊಬ್ಳಿಗೆ ಹೇಳ್ಬೌದಿತ್ತಲ್ಲ ಮಿಸ್."